ಡೆಬಿಯನ್‌ನಿಂದ ಫ್ರೀಬಿಎಸ್‌ಡಿವರೆಗೆ: ವೈಜ್ಞಾನಿಕ ಗಣನೆಯ ತಂತ್ರಾಂಶ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಸಂಖ್ಯಾ ಲೆಕ್ಕಗಳ ಗ್ನೂ ಆಕ್ಟೇವ್ ಆಗಲಿ, ಸಂಖ್ಯಾಶಾಸ್ತ್ರದ ಆರ್ ಆಗಲಿ, ಪೈಥಾನ್ ಭಾಷೆಯ ಗಣಿತ ಲೈಬ್ರರಿಗಳಾದ ನಂಪೈ, ಸೈಪೈ ಆಗಲಿ, ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಹೆಚ್ಚಾಗಿ ಒಂದೇ ಸಾಲಿನ ಆದೇಶಕ್ಕೆ ಬಂದು ಕೂರುತ್ತವೆ. ಆ ಸಾಲಷ್ಟೇ ಬೇಕಾದವರಿಗೆ ಅದು ಕೆಳಗೆ ಸಿಗುತ್ತದೆ. ಕೆಲವು ವಾರ ಕಳೆದ ಮೇಲೆ ಏಳುವ ಪ್ರಶ್ನೆಗಳು ಬೇರೆಯೇ. ಮೆಷಿನ್‌ನಲ್ಲಿ ಮೂರು ಪೈಥಾನ್‌ಗಳಿವೆ, ಈಗ ಓಡುತ್ತಿರುವುದು ಯಾವುದು? ಪಕ್ಕದ ಮೆಷಿನ್‌ನಲ್ಲಿ ಎರಡು ಸೆಕೆಂಡಿಗೆ ಮುಗಿಯುವ ಲೆಕ್ಕಕ್ಕೆ ಇಲ್ಲಿ ಎರಡು ನಿಮಿಷ ಯಾಕೆ? ಸಿಸ್ಟಂ ಅಪ್‌ಡೇಟ್ ಆದ ಮೇಲೆ ನಿನ್ನೆಯ ಪ್ರೋಗ್ರಾಂ ಯಾಕೆ ಏಳುತ್ತಿಲ್ಲ? ಈ ಮೂರರ ಬೇರೂ ಅಳವಡಿಸಿದ ರೀತಿಯಲ್ಲೇ ಇರುತ್ತದೆ. ಹಾಗಾಗಿ ಆದೇಶಗಳ ಜೊತೆಗೆ ಅವು ಒಳಗೆ ಏನು ಮಾಡುತ್ತವೆ ಎಂಬುದನ್ನೂ ಹೇಳುತ್ತಾ ಹೋಗುತ್ತೇನೆ.

ಒಂದು ಸೂಚನೆ. ಆದೇಶಗಳನ್ನು ಬಾಯಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ. ಹೆಸರಿನ ಸ್ಪೆಲಿಂಗ್ ಬಗ್ಗೆ ಅನುಮಾನ ಬಂದರೆ ‘ಇನ್‌ಸ್ಟಾಲ್’ ಇರುವ ಜಾಗದಲ್ಲಿ ‘ಸರ್ಚ್’ ಹಾಕಿ, ಹೆಸರಿನ ಒಂದು ತುಣುಕು ಕೊಟ್ಟು ಹುಡುಕಿ.

ಮೊದಲು ಯಜಮಾನ ಯಾರೆಂದು ತೀರ್ಮಾನಿಸಿ

ತಂತ್ರಾಂಶ ನಿಮ್ಮ ಮೆಷಿನ್‌ಗೆ ನಾಲ್ಕು ದಾರಿಯಲ್ಲಿ ಬರಬಹುದು. ಒಂದು, ಡಿಸ್ಟ್ರೊದ (ನೀವು ಹಾಕಿಕೊಂಡಿರುವ ಕಾರ್ಯಾಚರಣ ವ್ಯವಸ್ಥೆಯ ವಿತರಣೆಯ) ಸ್ವಂತ ಭಂಡಾರ: ಡೆಬಿಯನ್, ಉಬುಂಟುವಿನಲ್ಲಿ ಆಪ್ಟ್, ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್, ಓಪನ್‌ಸೂಸೆಯಲ್ಲಿ ಝಿಪ್ಪರ್, ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ. ಎರಡು, ಆಯಾ ಭಾಷೆಯ ಉಪಕರಣ: ಪೈಥಾನ್‌ಗೆ ಪಿಪ್, ಆರ್‌ಗೆ ಕ್ರಾನ್ ಭಂಡಾರ, ಜೂಲಿಯಾಗೆ ಅದರದೇ ಪ್ಯಾಕೇಜ್ ನಿರ್ವಾಹಕ. ಮೂರು, ಸಿಸ್ಟಂನಿಂದ ಬೇರೆಯಾಗಿ ತನ್ನದೇ ಸಂಸಾರ ಹೂಡುವ ಕೊಂಡಾ, ಗೀಕ್ಸ್, ನಿಕ್ಸ್‌ನಂಥವು. ನಾಲ್ಕು, ಮೂಲ ಸಂಕೇತ ತಂದು ನೀವೇ ಕಂಪೈಲ್ ಮಾಡುವುದು, ಅಂದರೆ ಓಡಿಸಬಹುದಾದ ರೂಪಕ್ಕೆ ತರುವುದು.

ನಾಲ್ಕೂ ಒಳ್ಳೆಯವೇ. ಒಂದೇ ಪರಿಸರದಲ್ಲಿ ಎರಡನ್ನು ಬೆರೆಸಿದಾಗ ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ. ಆಪ್ಟ್ ಹಾಕಿದ ನಂಪೈ ಮೇಲೆ ಪಿಪ್ ಇನ್ನೊಂದು ನಂಪೈ ಬರೆದರೆ, ಮುಂದಿನ ಅಪ್‌ಡೇಟ್‌ನಲ್ಲಿ ಯಾರ ಕಡತ ಉಳಿಯುತ್ತದೆ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ. ನನ್ನ ಸಲಹೆ ಹೀಗಿದೆ: ಕಲಿಯುವವರಿಗೆ, ಪಾಠ ಮಾಡುವವರಿಗೆ ಡಿಸ್ಟ್ರೊ ಭಂಡಾರವೇ ಸಾಕು. ಪೈಥಾನ್‌ನಲ್ಲಿ ಯೋಜನೆ ಮಾಡುವವರು ಪ್ರತಿ ಯೋಜನೆಗೂ ಒಂದು ವರ್ಚುವಲ್ ಪರಿಸರ, ಅಂದರೆ ಸಿಸ್ಟಂನದರಿಂದ ಬೇರೆಯಾದ ಪ್ಯಾಕೇಜ್ ಫೋಲ್ಡರ್, ಕಟ್ಟಲಿ. ಅಡ್ಮಿನ್ ಹಕ್ಕಿಲ್ಲದ ಸರ್ವರ್‌ನಲ್ಲಿ ಕೆಲಸ ಮಾಡುವವರು ಕೊಂಡಾ ಹಿಡಿಯಲಿ. ಕಂಪೈಲ್ ಮಾಡುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ನೆಲ ಹದ ಮಾಡುವುದು

ಯಾವ ವ್ಯವಸ್ಥೆ, ಯಾವ ಆವೃತ್ತಿ ಎಂದು ಖಚಿತ ಮಾಡಿಕೊಳ್ಳಿ:

ಕ್ಯಾಟ್ /ಇಟಿಸಿ/ಓಎಸ್-ರಿಲೀಸ್
ಯುನೇಮ್ -ಎಂ

ಎರಡನೆಯದು ಪ್ರೊಸೆಸರ್‌ನ ಬಗೆ ಹೇಳುತ್ತದೆ. ಇಂಟೆಲ್, ಎಎಂಡಿಯ 64 ಬಿಟ್ ಮೆಷಿನ್‌ಗೂ ಆರ್ಮ್ ಬೋರ್ಡ್‌ಗೂ ಡೌನ್‌ಲೋಡ್ ಮಾಡಬೇಕಾದ ಕಡತ ಬೇರೆ ಬೇರೆ. ಆಮೇಲೆ ಸಿಸ್ಟಂ ಅಪ್‌ಡೇಟ್ ಮಾಡಿ. ಆರ್ಚ್‌ನಲ್ಲಿ ಇದಕ್ಕೊಂದು ಕಟ್ಟುನಿಟ್ಟಿದೆ: ಪ್ಯಾಕ್‌ಮ್ಯಾನ್‌ಗೆ ದೊಡ್ಡ ಎಸ್, ಸಣ್ಣ ವೈ, ಸಣ್ಣ ಯು ಮೂರನ್ನೂ ಒಟ್ಟಿಗೆ ಕೊಡಬೇಕು. ಯು ಬಿಟ್ಟು ಪಟ್ಟಿಯನ್ನಷ್ಟೇ ಹೊಸದು ಮಾಡಿಕೊಂಡು ಒಂದು ಪ್ಯಾಕೇಜ್ ಹಾಕಿದರೆ ಅದು ಅರೆಬರೆ ಅಪ್‌ಡೇಟ್. ಆರ್ಚ್ ಅದನ್ನು ಬೆಂಬಲಿಸುವುದಿಲ್ಲ.

ಇವತ್ತು ಕಂಪೈಲ್ ಮಾಡದಿದ್ದರೂ ಕಂಪೈಲರ್‌ಗಳನ್ನು ಈಗಲೇ ಹಾಕಿಡಿ. ಆರ್ ಮತ್ತು ಆಕ್ಟೇವ್‌ನ ಹೆಚ್ಚುವರಿ ಪ್ಯಾಕೇಜ್‌ಗಳು ನಿಮ್ಮ ಮೆಷಿನ್‌ನಲ್ಲೇ ಕಂಪೈಲ್ ಆಗುತ್ತವೆ, ಹಳೆಯ ಗಣಿತ ಲೈಬ್ರರಿಗಳು ಇಂದಿಗೂ ಫೋರ್ಟ್ರಾನ್ ಕೇಳುತ್ತವೆ. ಡೆಬಿಯನ್ ಬಳಗದಲ್ಲಿ ‘ಬಿಲ್ಡ್-ಎಸೆನ್ಶಿಯಲ್’ ಮತ್ತು ‘ಜಿಫೋರ್ಟ್ರಾನ್’. ಫೆಡೋರಾದಲ್ಲಿ ‘ಜಿಸಿಸಿ’, ‘ಜಿಸಿಸಿ-ಸಿ++’, ‘ಜಿಸಿಸಿ-ಜಿಫೋರ್ಟ್ರಾನ್’, ‘ಮೇಕ್’. ಆರ್ಚ್‌ನಲ್ಲಿ ‘ಬೇಸ್-ಡೆವೆಲ್’ ಮತ್ತು ‘ಜಿಸಿಸಿ-ಫೋರ್ಟ್ರಾನ್’. ಫ್ರೀಬಿಎಸ್‌ಡಿಯಲ್ಲಿ ಕ್ಲ್ಯಾಂಗ್ ಮೊದಲೇ ಇರುತ್ತದೆ. ಫೋರ್ಟ್ರಾನ್‌ಗಾಗಿ ‘ಜಿಸಿಸಿ’ಯನ್ನೂ, ಗ್ನೂ ಬಗೆಯ ಮೇಕ್‌ಗಾಗಿ ‘ಜಿಮೇಕ್’ ಅನ್ನೂ ಸೇರಿಸಿ.

ಆಕ್ಟೇವ್

ಡೆಬಿಯನ್, ಉಬುಂಟು:
ಸುಡೊ ಆಪ್ಟ್ ಇನ್‌ಸ್ಟಾಲ್ ಆಕ್ಟೇವ್

ಫೆಡೋರಾ:
ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಆಕ್ಟೇವ್ ಆಕ್ಟೇವ್-ಡೆವೆಲ್

ಓಪನ್‌ಸೂಸೆ:
ಸುಡೊ ಝಿಪ್ಪರ್ ಇನ್‌ಸ್ಟಾಲ್ ಆಕ್ಟೇವ್ ಆಕ್ಟೇವ್-ಡೆವೆಲ್

ಫ್ರೀಬಿಎಸ್‌ಡಿ, ರೂಟ್ (ಅಡ್ಮಿನ್ ಬಳಕೆದಾರ) ಆಗಿ:
ಪಿಕೆಜಿ ಇನ್‌ಸ್ಟಾಲ್ ಆಕ್ಟೇವ್

ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್‌ಗೆ ಅದೇ ‘ಆಕ್ಟೇವ್’ ಹೆಸರು. 

ಸಿಗ್ನಲ್, ಕಂಟ್ರೋಲ್, ಸ್ಟ್ಯಾಟಿಸ್ಟಿಕ್ಸ್ ಮೊದಲಾದ ಫೋರ್ಜ್ (ಆಕ್ಟೇವ್‌ನ ಹೆಚ್ಚುವರಿ ಪ್ಯಾಕೇಜ್‌ಗಳ ಭಂಡಾರ) ಪ್ಯಾಕೇಜ್‌ಗಳು ಆಕ್ಟೇವ್ ಜೊತೆ ಬರುವುದಿಲ್ಲ. ಡೆಬಿಯನ್‌ನಲ್ಲಿ ಅವು ‘ಆಕ್ಟೇವ್-ಸಿಗ್ನಲ್’, ‘ಆಕ್ಟೇವ್-ಕಂಟ್ರೋಲ್’ ಎಂಬ ಹೆಸರಲ್ಲಿ ಸಿದ್ಧವಾಗಿವೆ. ಸಿದ್ಧವಿದ್ದರೆ ಅಲ್ಲಿಂದಲೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಆಕ್ಟೇವ್ ಒಳಗೆ ‘ಪಿಕೆಜಿ ಇನ್‌ಸ್ಟಾಲ್ -ಫೋರ್ಜ್ ಸಿಗ್ನಲ್’ ಎಂದರೆ ಅದೇ ಇಳಿಸಿಕೊಂಡು ಕಂಪೈಲ್ ಮಾಡುತ್ತದೆ. ಇದು ಫ್ರೀಬಿಎಸ್‌ಡಿಯ ಪಿಕೆಜಿ ಅಲ್ಲ, ಆಕ್ಟೇವ್‌ನದೇ ಆದೇಶ. ಇಲ್ಲಿ ‘ಎಂಕೆಆಕ್ಟ್‌ಫೈಲ್’ ಸಿಗಲಿಲ್ಲ ಎಂಬ ದೂರು ಬಂದರೆ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲವೆಂದರ್ಥ. ಡೆಬಿಯನ್‌ನ ಹೊಸ ಬಿಡುಗಡೆಗಳಲ್ಲಿ ಅದು ‘ಆಕ್ಟೇವ್-ಡೆವ್’, ಹಳೆಯವುಗಳಲ್ಲಿ ‘ಲಿಬ್‌ಆಕ್ಟೇವ್-ಡೆವ್’. ಅಳವಡಿಸಿದ ಮೇಲೂ ಪ್ರತಿ ಸಲ ಆಕ್ಟೇವ್ ತೆರೆದಾಗ ‘ಪಿಕೆಜಿ ಲೋಡ್ ಸಿಗ್ನಲ್’ ಎನ್ನಬೇಕು. ಬೇಸರವಾದರೆ ಆ ಸಾಲನ್ನು ಹೋಮ್ ಫೋಲ್ಡರ್‌ನ ‘.ಆಕ್ಟೇವ್‌ಆರ್‌ಸಿ’ ಕಡತದಲ್ಲಿ ಬರೆದಿಡಿ.

ಡೆಬಿಯನ್ ಸ್ಥಿರ ಆವೃತ್ತಿಯ ಆಕ್ಟೇವ್ ಯಾವಾಗಲೂ ಸ್ವಲ್ಪ ಹಳೆಯದು. ಅದು ಅಲ್ಲಿನ ನೀತಿ: ಬಿಡುಗಡೆಯಾದ ಮೇಲೆ ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿ ಬರುತ್ತದೆ, ಹೊಸ ಆವೃತ್ತಿ ಬರುವುದಿಲ್ಲ. ಹೊಸತೇ ಬೇಕಾದರೆ ಫ್ಲ್ಯಾಟ್‌ಹಬ್‌ನಲ್ಲಿ ಆಕ್ಟೇವ್‌ನ ಫ್ಲ್ಯಾಟ್‌ಪ್ಯಾಕ್ ಇದೆ. ಬಹುಪಾಲು ಜನರಿಗೆ ಹಳೆಯದರಲ್ಲಿ ಇಲ್ಲದ್ದು ಏನೂ ಬೇಕಾಗಿರುವುದಿಲ್ಲ ಎಂಬುದು ನನ್ನ ಅನಿಸಿಕೆ.

ವೇಗದ ಗುಟ್ಟು: ಬ್ಲಾಸ್

ಹೆಚ್ಚಿನ ಮಾರ್ಗದರ್ಶಿಗಳು ಈ ಭಾಗವನ್ನು ಹಾರಿಸಿಬಿಡುತ್ತವೆ. ಆಕ್ಟೇವ್, ಆರ್, ನಂಪೈ, ಜೂಲಿಯಾ ಯಾವುದೂ ಮ್ಯಾಟ್ರಿಕ್ಸ್ ಗುಣಾಕಾರವನ್ನು ತಾನೇ ಮಾಡುವುದಿಲ್ಲ. ಬ್ಲಾಸ್ ಎಂಬ ಲೈಬ್ರರಿಗೆ ಕೆಲಸ ಒಪ್ಪಿಸುತ್ತವೆ. ಸಮೀಕರಣ ಬಿಡಿಸುವುದು, ಐಗೆನ್ ಮೌಲ್ಯ ತೆಗೆಯುವುದು ಅದರ ಮೇಲೆ ಕಟ್ಟಿದ ಲ್ಯಾಪ್ಯಾಕ್‌ನ ಕೆಲಸ. ಬ್ಲಾಸ್ ಎಂಬುದು 1979ರಿಂದ ಬೆಳೆದು ಬಂದ ಒಂದು ನಿಗದಿತ ಕರೆಪಟ್ಟಿ. ಅದನ್ನು ಪಾಲಿಸುವ ಲೈಬ್ರರಿ ಯಾವುದಾದರೂ ಆಗಬಹುದು. ‘ರೆಫರೆನ್ಸ್ ಬ್ಲಾಸ್’ ಸರಿಯಾದ ಉತ್ತರ ಕೊಡುತ್ತದೆ, ಆದರೆ ಒಂದೇ ಕೋರ್‌ನಲ್ಲಿ ನಿಧಾನವಾಗಿ. ‘ಓಪನ್‌ಬ್ಲಾಸ್’ ನಿಮ್ಮ ಪ್ರೊಸೆಸರ್ ಯಾವುದೆಂದು ಗುರುತಿಸಿ, ಅದಕ್ಕೆ ತಕ್ಕ ಅಸೆಂಬ್ಲಿ ಸಂಕೇತದಿಂದ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ಕಜುಶಿಗೆ ಗೊಟೊ ಅವರ ಗೊಟೊಬ್ಲಾಸ್ ಇದರ ಮೂಲ.

ಪರೀಕ್ಷೆ ಸುಲಭ. ಆಕ್ಟೇವ್‌ನಲ್ಲಿ:

ಎ = ರ್‍ಯಾಂಡ್(4000); ಟಿಕ್; ಬಿ = ಎ*ಎ; ಟಾಕ್

ಈ ಒಂದು ಗುಣಾಕಾರಕ್ಕೆ 4000ರ ಘನದ ಎರಡರಷ್ಟು, ಅಂದರೆ 12,800 ಕೋಟಿ ಲೆಕ್ಕಗಳು ಬೇಕು. ಒಂದೊಂದು ಮ್ಯಾಟ್ರಿಕ್ಸ್ 128 ಮೆಗಾಬೈಟ್ ಮೆಮೊರಿ ಹಿಡಿಯುತ್ತದೆ. ನಾಲ್ಕು ಕೋರ್‌ನ ಈಚಿನ ಡೆಸ್ಕ್‌ಟಾಪ್‌ನಲ್ಲಿ ಓಪನ್‌ಬ್ಲಾಸ್ ಇದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಅರ್ಧ ನಿಮಿಷ ದಾಟಿದರೆ ರೆಫರೆನ್ಸ್ ಬ್ಲಾಸ್ ಇದೆಯೆಂದು ಅನುಮಾನಿಸಿ. ಆಕ್ಟೇವ್‌ನಲ್ಲೇ ‘ವರ್ಷನ್ -ಬ್ಲಾಸ್’ ಎಂದು ಕೇಳಿದರೂ ಹೇಳುತ್ತದೆ. ಆರ್‌ನಲ್ಲಿ ‘ಸೆಷನ್‌ಇನ್ಫೊ’ ಕರೆದರೆ ಬ್ಲಾಸ್ ಕಡತದ ಜಾಗವೇ ಕಾಣುತ್ತದೆ, ಆ ಹೆಸರಲ್ಲಿ ಇನ್ಫೊದ ಐ ದೊಡ್ಡಕ್ಷರ. ನಂಪೈಗೆ ‘ನಂಪೈ.ಶೋ_ಕಾನ್ಫಿಗ್’.

ಬದಲಿಸುವ ಬಗೆ ಡಿಸ್ಟ್ರೊದಿಂದ ಡಿಸ್ಟ್ರೊಗೆ ಬೇರೆ. ಡೆಬಿಯನ್, ಉಬುಂಟುವಿನಲ್ಲಿ ‘ಲಿಬ್‌ಓಪನ್‌ಬ್ಲಾಸ್0’ ಹಾಕಿದರೆ ಸಾಮಾನ್ಯವಾಗಿ ತಾನಾಗಿಯೇ ಆಯ್ಕೆಯಾಗುತ್ತದೆ. ಈಗ ಯಾವುದಿದೆ ಎಂದು ನೋಡಲು:

ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಗೆಟ್-ಸೆಲೆಕ್ಷನ್ಸ್ | ಗ್ರೆಪ್ ಬ್ಲಾಸ್

ಇದು ತೋರಿಸುವ ಹೆಸರನ್ನೇ ‘ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್’ ಮುಂದೆ ಕೊಟ್ಟರೆ ಆಯ್ಕೆಯ ಪಟ್ಟಿ ಬರುತ್ತದೆ. ಲ್ಯಾಪ್ಯಾಕ್‌ಗೂ ಹೀಗೆಯೇ ಮಾಡಿ. ಫೆಡೋರಾ ತನ್ನ 33ನೇ ಆವೃತ್ತಿಯಿಂದ ಫ್ಲೆಕ್ಸಿಬ್ಲಾಸ್ ಎಂಬ ಮಧ್ಯವರ್ತಿಯನ್ನು ಇಟ್ಟುಕೊಂಡಿದೆ. ‘ಫ್ಲೆಕ್ಸಿಬ್ಲಾಸ್ ಲಿಸ್ಟ್’ ಎಂದರೆ ಲಭ್ಯ ಲೈಬ್ರರಿಗಳು ಕಾಣುತ್ತವೆ, ರೂಟ್ ಹಕ್ಕಿಲ್ಲದೆಯೇ ನಿಮ್ಮ ಮಟ್ಟಿಗೆ ಬದಲಿಸಿಕೊಳ್ಳಬಹುದು. ನನಗೆ ಕಂಡಂತೆ ಇದೇ ಎಲ್ಲಕ್ಕಿಂತ ಅಚ್ಚುಕಟ್ಟಾದ ಏರ್ಪಾಡು. ಆರ್ಚ್‌ನಲ್ಲಿ ‘ಬ್ಲಾಸ್-ಓಪನ್‌ಬ್ಲಾಸ್’ ಹಾಕಿ; ಹಳೆಯ ಬ್ಲಾಸ್, ಲ್ಯಾಪ್ಯಾಕ್ ತೆಗೆಯಲೇ ಎಂದು ಕೇಳಿದಾಗ ಒಪ್ಪಿಕೊಳ್ಳಿ.

ಓಪನ್‌ಬ್ಲಾಸ್‌ನ ಉತ್ಸಾಹ ಕೆಲವೊಮ್ಮೆ ಮುಳುವಾಗುತ್ತದೆ. ಎಂಟು ಕೋರ್‌ನ ಮೆಷಿನ್‌ನಲ್ಲಿ ನೀವೇ ಎಂಟು ಪೈಥಾನ್ ಪ್ರಕ್ರಿಯೆ ಬಿಟ್ಟಿದ್ದರೆ, ಪ್ರತಿಯೊಂದೂ ಎಂಟು ಥ್ರೆಡ್ ತೆರೆದು ಒಟ್ಟು 64 ಥ್ರೆಡ್‌ಗಳು ಎಂಟು ಕೋರ್‌ಗಾಗಿ ಕಿತ್ತಾಡುತ್ತವೆ, ಕೆಲಸ ಮೊದಲಿಗಿಂತ ನಿಧಾನವಾಗುತ್ತದೆ. ಆಗ ‘ಓಪನ್‌ಬ್ಲಾಸ್_ನಮ್_ಥ್ರೆಡ್ಸ್’ ಎಂಬ ಪರಿಸರ ಚರಕ್ಕೆ 1 ಎಂದು ಕೊಟ್ಟು ಓಡಿಸಿ. ಈ ಹೆಸರು ಪೂರ್ತಿ ದೊಡ್ಡಕ್ಷರಗಳಲ್ಲಿ.

ಪೈಥಾನ್

ಡೆಬಿಯನ್ 12ರಲ್ಲಿ ಅಥವಾ ಉಬುಂಟು 23.04ರ ನಂತರದ ಯಾವುದರಲ್ಲಾದರೂ ನೇರವಾಗಿ ‘ಪಿಪ್ ಇನ್‌ಸ್ಟಾಲ್ ನಂಪೈ’ ಎಂದರೆ, ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ. ಆರ್ಚ್‌ನಲ್ಲೂ ಹಾಗೆಯೇ. ಪೆಪ್ 668 ಎಂಬ ಒಪ್ಪಂದದ ಫಲ ಇದು: ಸಿಸ್ಟಂನ ಪೈಥಾನ್ ಆಪ್ಟ್‌ಗೋ ಪ್ಯಾಕ್‌ಮ್ಯಾನ್‌ಗೋ ಸೇರಿದ್ದು, ಪಿಪ್ ಅಲ್ಲಿ ಕೈ ಹಾಕಬಾರದು. ಇದನ್ನು ದಾಟಿಹೋಗಲು ‘--ಬ್ರೇಕ್-ಸಿಸ್ಟಂ-ಪ್ಯಾಕೇಜಸ್’ ಎಂಬ ಆಯ್ಕೆಯೂ ಇದೆ, ಅದನ್ನು ಧಾರಾಳವಾಗಿ ಶಿಫಾರಸು ಮಾಡುವವರೂ ಇದ್ದಾರೆ. ಏನಾಗುತ್ತದೆ ಎಂಬುದನ್ನು ಆ ಆಯ್ಕೆ ತನ್ನ ಹೆಸರಲ್ಲೇ ಹೇಳಿಕೊಂಡಿದೆ.

ಸರಿಯಾದ ದಾರಿ ವರ್ಚುವಲ್ ಪರಿಸರ. ಡೆಬಿಯನ್ ಬಳಗದಲ್ಲಿ ಮೊದಲು ‘ಪೈಥಾನ್3-ವೆನ್ವ್’ ಪ್ಯಾಕೇಜ್ ಹಾಕಿ. ಫೆಡೋರಾ, ಆರ್ಚ್‌ನಲ್ಲಿ ಅದು ಪೈಥಾನ್ ಜೊತೆಗೇ ಇರುತ್ತದೆ.

ಪೈಥಾನ್3 -ಎಂ ವೆನ್ವ್ ~/ಪ್ರಾಜೆಕ್ಟ್
. ~/ಪ್ರಾಜೆಕ್ಟ್/ಬಿನ್/ಆಕ್ಟಿವೇಟ್
ಪಿಪ್ ಇನ್‌ಸ್ಟಾಲ್ ನಂಪೈ ಸೈಪೈ ಮ್ಯಾಟ್‌ಪ್ಲಾಟ್‌ಲಿಬ್ ಜುಪಿಟರ್‌ಲ್ಯಾಬ್

ಎರಡನೇ ಸಾಲಿನ ಮೊದಲಿರುವ ಚುಕ್ಕೆ, ಅದರ ನಂತರದ ಖಾಲಿ ಜಾಗ ಎರಡೂ ಬೇಕು. ಫಿಶ್ ಶೆಲ್ ಬಳಸುವವರು ‘ಆಕ್ಟಿವೇಟ್.ಫಿಶ್’ ಕರೆಯಲಿ. ಫೋಲ್ಡರ್ ಹೆಸರಲ್ಲಿ ಖಾಲಿ ಜಾಗ ಬೇಡ. ಲಿನಕ್ಸ್‌ಗೆ ಕನ್ನಡ ಅಕ್ಷರದ ಫೋಲ್ಡರ್ ಹೆಸರೂ ಆಗುತ್ತದೆ, ಆದರೆ ಹಳೆಯ ಬಿಲ್ಡ್ ಸ್ಕ್ರಿಪ್ಟ್‌ಗಳಿಗೆ ಆ ಉದಾರತೆ ಇಲ್ಲ.

ಪಿಪ್ ಲಿನಕ್ಸ್‌ನಲ್ಲಿ ಇಳಿಸುವುದು ವ್ಹೀಲ್ ಎಂಬ ಸಿದ್ಧ ಕಂಪೈಲಾದ ಕಡತ. ನಂಪೈನ ವ್ಹೀಲ್ ಒಳಗೆ ಓಪನ್‌ಬ್ಲಾಸ್ ಮೊದಲೇ ಕೂತಿರುತ್ತದೆ. ಆದ್ದರಿಂದ ಮೇಲೆ ಹೇಳಿದ ಸಿಸ್ಟಂ ಬ್ಲಾಸ್ ಬದಲಾವಣೆ ಅದಕ್ಕೆ ತಾಗುವುದಿಲ್ಲ. ಆಪ್ಟ್‌ನಿಂದ ಹಾಕಿದ ‘ಪೈಥಾನ್3-ನಂಪೈ’ಗೆ ತಾಗುತ್ತದೆ.

ಫ್ರೀಬಿಎಸ್‌ಡಿಯಲ್ಲಿ ಕಥೆ ಬೇರೆ. ಪಿಪ್ ಇಳಿಸಿಕೊಳ್ಳುವ ಭಂಡಾರವಾದ ಪೈಪಿಐನಲ್ಲಿ ಅದಕ್ಕೆ ಕಂಪೈಲಾದ ವ್ಹೀಲ್‌ಗಳಿಲ್ಲ, ನಂಪೈ, ಸೈಪೈಯಂಥವನ್ನು ಪಿಪ್ ಮೂಲದಿಂದ ಕಂಪೈಲ್ ಮಾಡಲು ಕೂರುತ್ತದೆ. ಸೈಪೈಯಂಥ ದೊಡ್ಡ ಪ್ಯಾಕೇಜ್‌ಗೆ ಇದು ತಾಳ್ಮೆಯ ಪರೀಕ್ಷೆ. ಅಲ್ಲಿ ದೊಡ್ಡವನ್ನು ಪಿಕೆಜಿಯಿಂದ ತನ್ನಿ. ಹೆಸರಿನ ಮೊದಲಿಗೆ ಪೈಥಾನ್ ಆವೃತ್ತಿ ಅಂಟಿಕೊಂಡಿರುತ್ತದೆ, ‘ಪೈ311-ನಂಪೈ’ ಎಂಬಂತೆ. ನಿಮ್ಮಲ್ಲಿ ಈಗ ಯಾವುದೆಂದು ‘ಪಿಕೆಜಿ ಸರ್ಚ್ ನಂಪೈ’ ತೋರಿಸುತ್ತದೆ. ನಂತರ ಅದೇ ಪೈಥಾನ್‌ನಿಂದ ‘--ಸಿಸ್ಟಂ-ಸೈಟ್-ಪ್ಯಾಕೇಜಸ್’ ಆಯ್ಕೆ ಕೊಟ್ಟು ವೆನ್ವ್ ಕಟ್ಟಿದರೆ ಸಿಸ್ಟಂನ ನಂಪೈ ಒಳಗೂ ಕಾಣುತ್ತದೆ, ಚಿಕ್ಕಪುಟ್ಟವನ್ನು ಪಿಪ್‌ನಿಂದ ಸೇರಿಸಬಹುದು.

ಗ್ರಾಫ್ ತೋರಿಸು ಎಂದರೆ ಕಿಟಕಿ ತೆರೆಯದೆ, ‘ಎಜಿಜಿ’ ಎಂಬ ಪದವಿರುವ ಎಚ್ಚರಿಕೆ ಬರುವುದು ಇನ್ನೊಂದು ಸಾಮಾನ್ಯ ದೂರು. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕಿಟಕಿ ತೆರೆಯುವ ಲೈಬ್ರರಿ ಸಿಕ್ಕಿಲ್ಲವೆಂದು ಅರ್ಥ. ಪರಿಸರದ ಒಳಗೆ ‘ಪೈಕ್ಯೂಟಿ6’ ಹಾಕಿ, ಅಥವಾ ಡೆಬಿಯನ್‌ನಲ್ಲಿ ಆಪ್ಟ್ ಮೂಲಕ ‘ಪೈಥಾನ್3-ಟಿಕೆ’ ಹಾಕಿ.

ಕೊಂಡಾ ಹಿಡಿದರೆ

ಮಿನಿಫೋರ್ಜ್‌ನಿಂದ ಶುರು ಮಾಡಿ. ಅದು ಸಮುದಾಯ ನಡೆಸುವ ಕೊಂಡಾ-ಫೋರ್ಜ್ ಭಂಡಾರವನ್ನೇ ಮೂಲವಾಗಿ ಬಳಸುತ್ತದೆ. ಅನಕೊಂಡಾ ಕಂಪನಿಯ ಸ್ವಂತ ಭಂಡಾರಕ್ಕೆ ದೊಡ್ಡ ಸಂಸ್ಥೆಗಳ ಮಟ್ಟಿಗೆ ಬೇರೆ ಪರವಾನಗಿ ಷರತ್ತುಗಳಿವೆ. ಕಚೇರಿಯ ಮೆಷಿನ್ ಆದರೆ ಗಮನದಲ್ಲಿರಲಿ. ಅಳವಡಿಸುವ ಸ್ಕ್ರಿಪ್ಟನ್ನು ಬ್ಯಾಶ್‌ನಿಂದ ಓಡಿಸಿದರೆ ಹೋಮ್ ಫೋಲ್ಡರ್‌ನಲ್ಲೇ ಎಲ್ಲ ಕೂರುತ್ತದೆ, ಸುಡೊ ಬೇಡ. ಆಮೇಲೆ:

ಕೊಂಡಾ ಕಾನ್ಫಿಗ್ --ಸೆಟ್ ಆಟೊ_ಆಕ್ಟಿವೇಟ್_ಬೇಸ್ ಫಾಲ್ಸ್
ಕೊಂಡಾ ಕ್ರಿಯೇಟ್ -ಎನ್ ಲ್ಯಾಬ್ ಪೈಥಾನ್ ನಂಪೈ ಸೈಪೈ
ಕೊಂಡಾ ಆಕ್ಟಿವೇಟ್ ಲ್ಯಾಬ್

ಮೊದಲ ಸಾಲು ಬಿಟ್ಟರೆ ಟರ್ಮಿನಲ್ ತೆರೆದಾಗಲೆಲ್ಲ ಕೊಂಡಾದ ಪೈಥಾನ್ ಮುಂದೆ ಬಂದು ನಿಲ್ಲುತ್ತದೆ, ಅದೇ ಟರ್ಮಿನಲ್‌ನಲ್ಲಿ ಬೇರೇನಾದರೂ ಕಂಪೈಲ್ ಮಾಡಹೊರಟರೆ ಕೊಂಡಾದ ಲೈಬ್ರರಿಗಳು ನಡುವೆ ನುಸುಳುತ್ತವೆ. ಕೊಂಡಾ ಪರಿಸರದೊಳಗೆ ಪಿಪ್ ಬಳಸಲೇಬೇಕಾದರೆ ಕೊಂಡಾದ ಕೆಲಸವೆಲ್ಲ ಮುಗಿದ ಮೇಲೆ, ಕೊನೆಗೆ ಬಳಸಿ.

ಸೇಜ್‌ಮ್ಯಾತ್ ಬೇಕಾದವರಿಗೆ ಕೊಂಡಾ-ಫೋರ್ಜ್ ಒಳ್ಳೆಯ ದಾರಿ: ‘ಕೊಂಡಾ ಕ್ರಿಯೇಟ್ -ಎನ್ ಸೇಜ್ ಸೇಜ್’. ಅದು ಹತ್ತಾರು ಗಣಿತ ತಂತ್ರಾಂಶಗಳನ್ನು ಕಟ್ಟಿಕೊಂಡು ಬರುವ ದೊಡ್ಡ ಮೂಟೆ, ಮೂಲದಿಂದ ಕಂಪೈಲ್ ಮಾಡಹೊರಟರೆ ಗಂಟೆಗಟ್ಟಲೆ ಹಿಡಿಯುತ್ತದೆ.

ಆರ್, ಜೂಲಿಯಾ ಮತ್ತು ಉಳಿದವು

ಆರ್‌ಗೆ ಡೆಬಿಯನ್ ಬಳಗದಲ್ಲಿ ‘ಆರ್-ಬೇಸ್’ ಮತ್ತು ‘ಆರ್-ಬೇಸ್-ಡೆವ್’. ಫೆಡೋರಾ, ಫ್ರೀಬಿಎಸ್‌ಡಿಯಲ್ಲಿ ಬರೀ ದೊಡ್ಡ ‘ಆರ್’. ಆರ್ಚ್‌ನಲ್ಲಿ ಸಣ್ಣ ‘ಆರ್’. ಆರ್ ಅನ್ನು ಸುಡೊ ಹಾಕಿ ತೆರೆಯಬೇಡಿ. ಮೊದಲ ಸಲ ಪ್ಯಾಕೇಜ್ ಹಾಕುವಾಗ ನಿಮ್ಮ ಸ್ವಂತ ಲೈಬ್ರರಿ ಫೋಲ್ಡರ್ ಮಾಡಲೇ ಎಂದು ಅದೇ ಕೇಳುತ್ತದೆ, ಹೂಂ ಅನ್ನಿ. ಡೆಬಿಯನ್‌ನಲ್ಲಿ ಬಹಳಷ್ಟು ಕ್ರಾನ್ ಪ್ಯಾಕೇಜ್‌ಗಳು ‘ಆರ್-ಕ್ರಾನ್-’ ಎಂದು ಶುರುವಾಗುವ ಹೆಸರಲ್ಲಿ ಸಿದ್ಧವಾಗಿದ್ದು, ಕಂಪೈಲ್ ಮಾಡುವ ಹೊತ್ತು ಉಳಿಯುತ್ತದೆ.

ಜೂಲಿಯಾವನ್ನು ಮಾತ್ರ ಡಿಸ್ಟ್ರೊ ಭಂಡಾರದಿಂದ ತರಬೇಡಿ. ಅದು ತನಗಾಗಿ ತಿದ್ದಿಕೊಂಡ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಲೈಬ್ರರಿಯನ್ನು ನಂಬಿದೆ, ಡಿಸ್ಟ್ರೊಗಳು ಅದರ ಜಾಗದಲ್ಲಿ ಸಿಸ್ಟಂನದನ್ನು ಜೋಡಿಸಿದರೆ ವಿಚಿತ್ರ ದೋಷಗಳು ಏಳುತ್ತವೆ. ಜೂಲಿಯಾ ತಂಡದ್ದೇ ಆದ ‘ಜೂಲಿಯಾಅಪ್’ ಬಳಸಿ, ಅದು ಹಲವು ಆವೃತ್ತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತದೆ.

ಬೀಜಗಣಿತ ಬಿಡಿಸುವ ಮ್ಯಾಕ್ಸಿಮಾ ಮತ್ತು ಅದರ ಮುಖವಾದ ‘ಡಬ್ಲ್ಯುಎಕ್ಸ್‌ಮ್ಯಾಕ್ಸಿಮಾ’, ಗ್ರಾಫ್ ಬರೆಯುವ ಗ್ನೂಪ್ಲಾಟ್ ಇವೆಲ್ಲ ಭಂಡಾರದಿಂದ ತೊಂದರೆಯಿಲ್ಲದೆ ಬರುತ್ತವೆ. ಒಟ್ಟಿಗೆ ಒಂದು ಗಂಟು ಬೇಕಾದರೆ ಡೆಬಿಯನ್‌ನಲ್ಲಿ ‘ಸೈನ್ಸ್-ನ್ಯೂಮರಿಕಲ್‌ಕಂಪ್ಯುಟೇಶನ್’ ಎಂಬ ಮೆಟಾಪ್ಯಾಕೇಜ್ ಇದೆ. ಡಿಸ್ಕ್‌ನಲ್ಲಿ ಜಾಗ ನೋಡಿಕೊಂಡು ಮುಂದುವರಿಯಿರಿ.

ಮೂಲದಿಂದ ಕಂಪೈಲ್ ಮಾಡಲೇಬೇಕಾದರೆ

ಆಕ್ಟೇವ್‌ನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೇಕಾದ ಲೈಬ್ರರಿಗಳನ್ನು ಒಂದೊಂದಾಗಿ ಹುಡುಕುವ ಗೋಜು ಬೇಡ. ಡಿಸ್ಟ್ರೊದವರು ಆ ಪಟ್ಟಿಯನ್ನು ಆಗಲೇ ಮಾಡಿಟ್ಟಿದ್ದಾರೆ:

ಸುಡೊ ಆಪ್ಟ್ ಬಿಲ್ಡ್-ಡೆಪ್ ಆಕ್ಟೇವ್
ಸುಡೊ ಡಿಎನ್‌ಎಫ್ ಬಿಲ್ಡ್‌ಡೆಪ್ ಆಕ್ಟೇವ್

ಆಪ್ಟ್‌ಗೆ ಇದು ನಡೆಯಬೇಕಾದರೆ ಮೂಲ ಪ್ಯಾಕೇಜ್‌ಗಳ ಸಾಲು, ಅಂದರೆ ‘ಡೆಬ್-ಎಸ್‌ಆರ್‌ಸಿ’, ಸಕ್ರಿಯವಾಗಿರಬೇಕು. ಆಮೇಲೆ ಗ್ನೂ ತಾಣದಿಂದ ಸಂಕುಚಿತ ಕಡತವನ್ನೂ ಅದರ ಸಹಿ ಕಡತವನ್ನೂ ಇಳಿಸಿ, ‘ಜಿಪಿಜಿ --ವೆರಿಫೈ’ ಮೂಲಕ ಸಹಿ ಪರೀಕ್ಷಿಸಿ, ಬಿಡಿಸಿ. ಒಳಗೆ ಹೋಗಿ ‘ಬಿಲ್ಡ್’ ಎಂಬ ಬೇರೆ ಫೋಲ್ಡರ್ ಮಾಡಿ, ಅಲ್ಲಿಂದ:

../ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/ಆಪ್ಟ್/ಆಕ್ಟೇವ್
ಮೇಕ್ -ಜೆ4
ಮೇಕ್ ಚೆಕ್
ಮೇಕ್ ಇನ್‌ಸ್ಟಾಲ್

ಇಲ್ಲಿ ‘ಹೋಮ್’ ದೊಡ್ಡಕ್ಷರಗಳಲ್ಲಿ. ಪ್ರಿಫಿಕ್ಸ್ ಕೊಡದಿದ್ದರೆ ಕಡತಗಳು ಸಿಸ್ಟಂ ಫೋಲ್ಡರ್‌ನಲ್ಲಿ ಚೆದುರಿ, ಮುಂದೆ ಗುಡಿಸಲು ಕಷ್ಟ. ಹೀಗೆ ಕೊಟ್ಟರೆ ಒಂದು ಫೋಲ್ಡರ್ ಅಳಿಸಿದರೆ ಮುಗಿಯಿತು. ಕಾನ್ಫಿಗರ್ ಮುಗಿದಾಗ ಕೊನೆಯಲ್ಲಿ ಬರುವ ಎಚ್ಚರಿಕೆಗಳನ್ನು ಓದದೆ ಮುಂದೆ ಹೋಗಬೇಡಿ. ಒಂದು ಲೈಬ್ರರಿ ಸಿಗದಿದ್ದರೂ ಆಕ್ಟೇವ್ ಕಟ್ಟಿಕೊಳ್ಳುತ್ತದೆ, ಆ ಸೌಲಭ್ಯವನ್ನು ಮಾತ್ರ ಬಿಟ್ಟು. ಅದು ಗೊತ್ತಾಗುವುದು ಬೇಕಾದ ದಿನ. ‘ಜೆ4’ ಎಂದರೆ ಒಮ್ಮೆಗೆ ನಾಲ್ಕು ಕಡತ. ಮೆಮೊರಿ ಕಡಿಮೆಯಿದ್ದು ಕಂಪೈಲರ್ ನಡುವೆ ‘ಕಿಲ್ಡ್’ ಎಂದು ಸತ್ತರೆ ಆ ಅಂಕೆ ಇಳಿಸಿ. ಫ್ರೀಬಿಎಸ್‌ಡಿಯಲ್ಲಿ ಎಲ್ಲೆಡೆ ಮೇಕ್ ಬದಲು ಜಿಮೇಕ್.

ಕಂಪೈಲ್ ಆಗುವಾಗ ‘.ಎಚ್’ ಕೊನೆಯ ಕಡತ ಸಿಗಲಿಲ್ಲ ಎಂಬ ದೋಷ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ, ಆರ್ ಪ್ಯಾಕೇಜ್ ಹಾಕುವಾಗಲೂ. ಲೈಬ್ರರಿ ಇದೆ, ಅದರ ಹೆಡರ್ ಕಡತಗಳಿಲ್ಲ ಎಂದು ಅದರ ಸಾರ. ಡೆಬಿಯನ್ ಅವನ್ನು ‘-ಡೆವ್’ ಎಂದು, ಫೆಡೋರಾ ಮತ್ತು ಓಪನ್‌ಸೂಸೆ ‘-ಡೆವೆಲ್’ ಎಂದು ಬೇರೆ ಪ್ಯಾಕೇಜ್‌ನಲ್ಲಿ ಇಡುತ್ತವೆ. ಆರ್ಚ್, ಫ್ರೀಬಿಎಸ್‌ಡಿ ಬೇರೆ ಮಾಡುವುದಿಲ್ಲ, ಹಾಗಾಗಿ ಅಲ್ಲಿ ಈ ದೋಷ ಕಡಿಮೆ. ಯಾವ ಪ್ಯಾಕೇಜ್‌ನಲ್ಲಿದೆ ಎಂದು ಊಹಿಸುತ್ತಾ ಕೂರಬೇಡಿ: ಡೆಬಿಯನ್‌ನಲ್ಲಿ ‘ಆಪ್ಟ್-ಫೈಲ್ ಸರ್ಚ್’, ಫೆಡೋರಾದಲ್ಲಿ ‘ಡಿಎನ್‌ಎಫ್ ಪ್ರೊವೈಡ್ಸ್’, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್‌ಗೆ ದೊಡ್ಡ ‘-ಎಫ್’ ಕೊಟ್ಟು ಕಡತದ ಹೆಸರು ಹೇಳಿದರೆ ಅವೇ ತಿಳಿಸುತ್ತವೆ.

ಸಿಸ್ಟಂ ಮೇಲ್ದರ್ಜೆಗೆ ಏರಿಸುವ ಮುನ್ನ

ಡಿಸ್ಟ್ರೊ ಮೇಲ್ದರ್ಜೆಗೇರಿದಾಗ ಪೈಥಾನ್ 3.12 ಹೋಗಿ 3.13 ಬಂದಿತೆನ್ನಿ, ಹಳೆಯ ವೆನ್ವ್‌ಗಳೆಲ್ಲ ಮುರಿಯುತ್ತವೆ. ಅವು ಸಿಸ್ಟಂ ಪೈಥಾನ್‌ಗೆ ಕೊಂಡಿ ಹಾಕಿಕೊಂಡಿದ್ದು, ಪ್ಯಾಕೇಜ್‌ಗಳು ಆವೃತ್ತಿಯ ಹೆಸರಿನ ಫೋಲ್ಡರ್‌ನಲ್ಲಿರುವುದು ಕಾರಣ. ರಿಪೇರಿಗೆ ಇಳಿಯಬೇಡಿ, ಅಳಿಸಿ ಹೊಸದಾಗಿ ಕಟ್ಟಿ. ಅದಕ್ಕೆ ಬೇಕಾದ ಪಟ್ಟಿಯನ್ನು ಮೊದಲೇ ತೆಗೆದಿಡಿ:

ಪಿಪ್ ಫ್ರೀಝ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಹೊಸ ಪರಿಸರದಲ್ಲಿ ‘ಪಿಪ್ ಇನ್‌ಸ್ಟಾಲ್ -ಆರ್’ ಮುಂದೆ ಆ ಕಡತ ಕೊಟ್ಟರೆ ಎಲ್ಲ ಮರಳಿ ಬರುತ್ತದೆ. ಕೊಂಡಾಗೆ ‘ಕೊಂಡಾ ಎನ್ವ್ ಎಕ್ಸ್‌ಪೋರ್ಟ್’. ಜೂಲಿಯಾ ತನ್ನ ಪ್ರಾಜೆಕ್ಟ್, ಮ್ಯಾನಿಫೆಸ್ಟ್ ಕಡತಗಳಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಆರ್‌ಗೆ ‘ಆರ್‌ಎನ್ವ್’ ಪ್ಯಾಕೇಜ್ ಇದೆ. ಪ್ರಬಂಧಕ್ಕೋ ಪ್ರಯೋಗ ವರದಿಗೋ ಮಾಡಿದ ಲೆಕ್ಕವನ್ನು ವರ್ಷಗಳ ನಂತರವೂ ಹಾಗೆಯೇ ಮರುಮಾಡಬೇಕಾದವರು ಗೀಕ್ಸ್ ನೋಡಲಿ: ‘ಗೀಕ್ಸ್ ಶೆಲ್ ಆಕ್ಟೇವ್’ ಎಂದರೆ ಆ ಶೆಲ್ ಮುಚ್ಚುವವರೆಗೆ ಮಾತ್ರ ಆಕ್ಟೇವ್ ಕೈಗೆ ಸಿಗುತ್ತದೆ, ‘ಗೀಕ್ಸ್ ಟೈಮ್-ಮೆಷಿನ್’ ಹಿಂದಿನ ಒಂದು ದಿನದ ಭಂಡಾರವನ್ನೇ ಎದುರಿಗೆ ತಂದು ಕೊಡುತ್ತದೆ.

ಫ್ರೀಬಿಎಸ್‌ಡಿಯಲ್ಲಿ 13ರಿಂದ 14ಕ್ಕೆ ಹೋದಂತೆ ಪ್ರಧಾನ ಆವೃತ್ತಿ ಬದಲಾದರೆ ‘ಪಿಕೆಜಿ-ಸ್ಟ್ಯಾಟಿಕ್ ಅಪ್‌ಗ್ರೇಡ್ -ಎಫ್’ ಕೊಟ್ಟು ಎಲ್ಲ ಪ್ಯಾಕೇಜ್‌ಗಳನ್ನೂ ಮರಳಿ ಹಾಕಿಸಬೇಕು. ಫೋರ್ಜ್ ಪ್ಯಾಕೇಜ್‌ಗಳನ್ನು ಆಕ್ಟೇವ್ ಒಳಗಿಂದ ಕಂಪೈಲ್ ಮಾಡಿಕೊಂಡಿದ್ದವರು, ಆಕ್ಟೇವ್‌ನ ಪ್ರಧಾನ ಅಂಕೆ ಬದಲಾದಾಗ ಅವನ್ನೂ ಮತ್ತೆ ಹಾಕಿಕೊಳ್ಳಬೇಕು. ಇಷ್ಟಾದ ಮೇಲೆ 4000ರ ಗುಣಾಕಾರವನ್ನು ಇನ್ನೊಮ್ಮೆ ಓಡಿಸಿ ನೋಡಿ. ಮೇಲ್ದರ್ಜೆಗೇರುವಾಗ ಬ್ಲಾಸ್ ಆಯ್ಕೆ ಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.